ಹೊಡೆತ ತಿಂದವಳೇ ಮನೆ ಬಿಡಬೇಕೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಿಂದ ಬಂದ ಪತ್ರಗಳಲ್ಲಿ ಆರು ಒಂದೇ ವಿಷಯಕ್ಕೆ ಸೇರಿದವು: ಗಂಡನ ಹಿಂಸೆಗೆ ಗುರಿಯಾದ ಹೆಂಗಸು ಎಲ್ಲಿ ಉಳಿಯಬೇಕು, ಅವಳ ತಲೆಯ ಮೇಲಿನ ಸೂರು ತಪ್ಪದಂತೆ ಸುತ್ತಲಿನವರು ಏನು ಮಾಡಬಹುದು ಎಂಬುದು. ಆದ್ದರಿಂದ ಅಂಕಣವನ್ನು ಇಡಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಬರೆದವರ ಹೆಸರು ಕೊಟ್ಟಿಲ್ಲ, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇವೆ. ಇಬ್ಬರು ಓದುಗರು ‘ದಯವಿಟ್ಟು ಮನೆಯ ವಿಳಾಸಕ್ಕೆ ಉತ್ತರ ಕಳಿಸಬೇಡಿ’ ಎಂದು ಅಡಿಗೆರೆ ಎಳೆದು ಬರೆದಿದ್ದಾರೆ. ಆ ಎಚ್ಚರಿಕೆ ಸರಿಯಾದದ್ದು. ಇಂಥ ವಿಷಯ ಬರೆಯುವ ಎಲ್ಲರೂ ಅದನ್ನು ಪಾಲಿಸುವುದು ಒಳ್ಳೆಯದು.

ಪ್ರಶ್ನೆ: ನನ್ನ ತಂಗಿಯನ್ನು ಪುತ್ತೂರು ಕಡೆಗೆ ಮದುವೆ ಮಾಡಿ ಕೊಟ್ಟಿದ್ದೇವೆ. ಬಾವ ಹೊಡೆಯುತ್ತಾರೆ. ಮೂರು ಸಲ ಮಕ್ಕಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದಾಳೆ, ಮೂರು ಸಲವೂ ಹಿರಿಯರು ಮಾತನಾಡಿಸಿ ಕಳಿಸಿದರು. ಈ ಸಲ ಅವರು ‘ಮನೆ ಇರುವುದು ನನ್ನ ತಾಯಿಯ ಹೆಸರಿನಲ್ಲಿ, ನಿನಗೆ ಇಲ್ಲಿ ಏನೂ ಇಲ್ಲ’ ಎಂದು ಹೊರಗೆ ಹಾಕಿದ್ದಾರೆ. ಅವಳಿಗೆ ಆ ಮನೆಯಲ್ಲಿ ಹಕ್ಕು ಇಲ್ಲವೇ? ದೂರು ಕೊಡುವುದಾದರೆ ಕರ್ನಾಟಕದಲ್ಲೋ ಕೇರಳದಲ್ಲೋ? – ಓದುಗ, ಪೆರ್ಲ

ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳೋಣ, ಏಕೆಂದರೆ ಗಡಿನಾಡಿನಲ್ಲಿ ಹೆಚ್ಚು ಕಾಲ ಹಾಳಾಗುವುದು ಅಲ್ಲಿಯೇ. ಒಂದು ಕಡೆಯ ಠಾಣೆಯವರು ‘ಘಟನೆ ನಡೆದದ್ದು ಆಚೆ’ ಎನ್ನುತ್ತಾರೆ, ಇನ್ನೊಂದು ಕಡೆಯವರು ‘ನೀವು ಈಗ ಇರುವುದು ಈಚೆ’ ಎನ್ನುತ್ತಾರೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣೆಗಾಗಿ 2005ರಲ್ಲಿ ಆದ, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕಾಯ್ದೆ ಈ ತಕರಾರಿಗೆ ಎಡೆಯನ್ನೇ ಇಟ್ಟಿಲ್ಲ. ಅದರ 27ನೇ ಸೆಕ್ಷನ್ ಪ್ರಕಾರ, ನೊಂದ ಮಹಿಳೆ ಕಾಯಂ ಆಗಿಯೋ ತಾತ್ಕಾಲಿಕವಾಗಿಯೋ ವಾಸವಾಗಿರುವ ಊರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಅರ್ಜಿ ಹಾಕಬಹುದು, ಮತ್ತು ಅಲ್ಲಿ ಸಿಕ್ಕ ಆದೇಶ ದೇಶದ ಎಲ್ಲೆಡೆ ನಡೆಯುತ್ತದೆ. ತಂಗಿ ಈಗ ತವರಿನಲ್ಲಿರುವುದರಿಂದ ಕಾಸರಗೋಡಿನ ನ್ಯಾಯಾಲಯಕ್ಕೆ ಹೋಗಬಹುದು. ಅಲ್ಲಿನ ಆದೇಶಕ್ಕೆ ಸಾರಡ್ಕದ ಗಡಿ ಅಡ್ಡ ಬರುವುದಿಲ್ಲ. ಹೊಡೆತದ ಬಗ್ಗೆ ಪೊಲೀಸ್ ದೂರು ಕೊಡುವುದು ಬೇರೆಯೇ ದಾರಿ. ಗಂಡ ಮತ್ತು ಗಂಡನ ಮನೆಯವರ ಕ್ರೌರ್ಯವನ್ನು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್ ನೋಡಿಕೊಳ್ಳುತ್ತದೆ. ಗಂಭೀರ ಅಪರಾಧದ ಮಾಹಿತಿಯನ್ನು, ಅದು ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ, ಹೋದ ಠಾಣೆಯಲ್ಲಿಯೇ ದಾಖಲಿಸಿಕೊಳ್ಳಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೇಳುತ್ತದೆ.

ಇನ್ನು ಮನೆಯ ಮಾತು. ಬಾವ ಹೇಳಿದ್ದು ಅವರೇ ಕಟ್ಟಿದ ಮಾತಲ್ಲ. ಒಂದು ಕಾಲದಲ್ಲಿ ನ್ಯಾಯಾಲಯದಲ್ಲೂ ಅದಕ್ಕೆ ಬೆಲೆ ಇತ್ತು. ಅತ್ತೆಯ ಸ್ವಂತ ಮನೆಯಲ್ಲಿ ಸೊಸೆ ವಾಸದ ಹಕ್ಕು ಕೇಳಲಾರಳು ಎಂದು ಸುಪ್ರೀಂ ಕೋರ್ಟು 2006ರ ಕೊನೆಯಲ್ಲಿ ಬತ್ರಾ ಪ್ರಕರಣದಲ್ಲಿ ಹೇಳಿತ್ತು, ಮತ್ತು ಆ ತೀರ್ಪನ್ನು ಹಿಡಿದುಕೊಂಡು ಹಲವು ವರ್ಷಗಳ ಕಾಲ ಮನೆಗಳನ್ನು ತಂದೆತಾಯಿಯ ಹೆಸರಿನಲ್ಲಿ ತೋರಿಸಿ ಸೊಸೆಯಂದಿರನ್ನು ಹೊರಗೆ ಹಾಕುವುದು ನಡೆಯಿತು. 2020ರ ಅಕ್ಟೋಬರ್ 15ರಂದು ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪು ಸರಿಯಲ್ಲವೆಂದಿತು. ಗಂಡನ ಹತ್ತಿರದ ಸಂಬಂಧಿಯ ಹೆಸರಿನಲ್ಲಿದ್ದರೂ, ಸೊಸೆ ಸಂಸಾರ ಹೂಡಿ ನೆಲೆಯಾಗಿ ಬಾಳಿದ ಮನೆ ಅವಳು ವಾಸದ ಹಕ್ಕು ಕೇಳಬಹುದಾದ ಮನೆಯೇ. ಹಾಗೆಂದು ಅವಳು ಆ ಮನೆಯ ಒಡತಿಯಾಗುತ್ತಾಳೆ ಎಂದಲ್ಲ, ಆ ಹಕ್ಕು ಯಾವ ಕಾಲಕ್ಕೂ ಅಲುಗದ್ದು ಎಂದೂ ಅಲ್ಲ. ಕಾನೂನಿನ ಕ್ರಮವನ್ನು ಬಿಟ್ಟು ಅವಳನ್ನು ಹೊರಗೆ ಹಾಕುವ ಹಾಗಿಲ್ಲ ಎಂದು 17ನೇ ಸೆಕ್ಷನ್ ಹೇಳುತ್ತದೆ, ಮತ್ತು ಬಟ್ಟೆಬರೆಯನ್ನು ಜಗಲಿಗೆ ಎಸೆಯುವುದು ಕಾನೂನಿನ ಕ್ರಮವಲ್ಲ.

ಆದರೆ ಹಕ್ಕು ಇದೆಯೆಂಬ ಕಾರಣಕ್ಕೆ ತಂಗಿ ಅಲ್ಲಿಗೇ ಮರಳಬೇಕೆಂದು ನಾವು ಹೇಳಲಾರೆವು. ಸುತ್ತ ಅಡಿಕೆ ತೋಟವಿದ್ದು, ಕೂಗಿದರೆ ಕೇಳುವ ದೂರದಲ್ಲಿ ಇನ್ನೊಂದು ಮನೆ ಇಲ್ಲದ ಕಡೆ, ನ್ಯಾಯಾಲಯದ ಕಾಗದ ಕೈಯಲ್ಲಿದ್ದರೂ ರಾತ್ರಿ ನಿದ್ದೆ ಬರಲಾರದು. ಅದಕ್ಕಾಗಿಯೇ 19ನೇ ಸೆಕ್ಷನ್‌ನಲ್ಲಿ ಹಲವು ಬಗೆಯ ವಾಸದ ಆದೇಶಗಳಿವೆ: ಅವಳನ್ನು ಹೊರಗೆ ಹಾಕಬಾರದೆಂಬುದು, ಗಂಡನೇ ಮನೆ ಬಿಡಬೇಕೆಂಬುದು, ಅವಳಿರುವ ಭಾಗಕ್ಕೆ ಅವನೂ ಅವನ ಸಂಬಂಧಿಗಳೂ ಕಾಲಿಡಬಾರದೆಂಬುದು, ಮನೆಯನ್ನು ಮಾರಬಾರದು ಅಡವಿಡಬಾರದು ಎಂಬುದು, ಮತ್ತು ಅದೇ ಮಟ್ಟದ ಬೇರೆ ಮನೆ ಮಾಡಿಕೊಡಬೇಕು ಅಥವಾ ಅದರ ಬಾಡಿಗೆ ಕೊಡಬೇಕು ಎಂಬುದು. ಮನೆ ಬಿಡುವಂತೆ ಹೆಂಗಸಿನ ಮೇಲೆ ಆದೇಶ ಮಾಡಲು ಈ ಸೆಕ್ಷನ್‌ನಲ್ಲಿ ಅವಕಾಶವಿಲ್ಲ. ಎಂದರೆ ಅತ್ತೆಯನ್ನು ಹೊರಗೆ ಕಳಿಸಲಾಗದು. ಅತ್ತೆಯೂ ಮಗನ ಪಕ್ಷವಾಗಿದ್ದರೆ, ನಮ್ಮ ಅಭಿಪ್ರಾಯದಲ್ಲಿ, ಕೊನೆಯದನ್ನು ಕೇಳುವುದೇ ಮೇಲು. ಪೆರ್ಲದಲ್ಲೋ ಬದಿಯಡ್ಕದಲ್ಲೋ ಶಾಲೆಗೆ ಹತ್ತಿರವಾಗಿ ಒಂದು ಬಾಡಿಗೆ ಮನೆ, ಬಾಡಿಗೆ ಗಂಡನ ಹೊಣೆ ಎಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿಸಿ. ಜೊತೆಗೆ 18ನೇ ಸೆಕ್ಷನ್‌ನ ರಕ್ಷಣಾ ಆದೇಶವನ್ನೂ, ಎಂದರೆ ಗಂಡ ಹಿಂಸೆ ಮಾಡಬಾರದೆಂಬ ಆದೇಶವನ್ನೂ, ಕೇಳಲು ಮರೆಯಬೇಡಿ. ಆದೇಶ ಮುರಿದವನಿಗೆ ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುವ 31ನೇ ಸೆಕ್ಷನ್ ರಕ್ಷಣಾ ಆದೇಶವನ್ನೇ ಹೆಸರಿಸಿ ಹೇಳುತ್ತದೆ. ಬರಿಯ ವಾಸದ ಆದೇಶವಿದ್ದರೆ ಎದುರು ಪಕ್ಷದ ವಕೀಲರಿಗೆ ವಾದಕ್ಕೆ ಒಂದು ಸಂದು ಸಿಗುತ್ತದೆ.

ಅರ್ಜಿ ಬಂದ ಮೂರು ದಿನಗಳೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನಗಳಲ್ಲಿ ತೀರ್ಮಾನ ಎಂಬುದು ಕಾಯ್ದೆ ಇಟ್ಟುಕೊಂಡ ಗುರಿ. ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆ ಆ ಗುರಿಯ ಬಗ್ಗೆ ಹೇಳಬೇಕಾಗಿಲ್ಲ. ಹಾಗಾಗಿ ಮೊದಲ ದಿನವೇ, ಪ್ರಮಾಣಪತ್ರದ ಜೊತೆ, 23ನೇ ಸೆಕ್ಷನ್ ಪ್ರಕಾರ ಮಧ್ಯಂತರ ಆದೇಶ ಕೇಳಬೇಕು. ವಕೀಲರ ಖರ್ಚಿಗೆ ಹೆದರಬೇಡಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲಿದೆ; 15100ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ.

ಅಣ್ಣನಾಗಿ ತಾವು ಮಾಡಬಾರದ ಕೆಲಸ ಒಂದಿದೆ: ನಾಲ್ಕು ಜನರನ್ನು ಜೀಪಿನಲ್ಲಿ ಹತ್ತಿಸಿಕೊಂಡು ಹೋಗಿ ಬಾವನನ್ನು ‘ಕೇಳುವುದು’. ಬಿಟ್ಟು ಬಂದ ನಂತರದ ದಿನಗಳಲ್ಲಿಯೇ ಹಿಂಸೆ ಹೆಚ್ಚು ಉಗ್ರವಾಗಬಹುದು ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲ ಕಂಡ ಸತ್ಯ, ಮತ್ತು ತಾವು ತೀರಿಸಿದ ಸಿಟ್ಟಿನ ಬೆಲೆಯನ್ನು ತೆರುವವಳು ತಂಗಿ. ಅವಳ ಚಿನ್ನ, ಸರ್ಟಿಫಿಕೇಟು, ಮಕ್ಕಳ ಪುಸ್ತಕಗಳನ್ನು ತರಲು ಪೊಲೀಸರ ನೆರವಿಗೆ ನ್ಯಾಯಾಲಯದಿಂದಲೇ ಆದೇಶ ಪಡೆಯಬಹುದು; ಸ್ತ್ರೀಧನವನ್ನು ಮರಳಿಸುವಂತೆ ಹೇಳುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗಿದೆ.

ಪ್ರಶ್ನೆ: ನಮ್ಮ ಕ್ವಾರ್ಟರ್ಸಿನ ಮೇಲಿನ ಮಹಡಿಯಲ್ಲಿ ಒಂದು ಸಂಸಾರ ಬಾಡಿಗೆಗಿದೆ. ರಾತ್ರಿ ಹೊತ್ತು ಪೆಟ್ಟಿನ ಸದ್ದು, ಮಕ್ಕಳ ಅಳು. ಉಳಿದ ಬಾಡಿಗೆದಾರರು ‘ಅವರನ್ನು ಖಾಲಿ ಮಾಡಿಸಿ’ ಎನ್ನುತ್ತಿದ್ದಾರೆ. ಆ ಹುಡುಗಿ ಬೀಡಿ ಕಟ್ಟಿ ಅರ್ಧ ಬಾಡಿಗೆ ಅವಳೇ ಕೊಡುತ್ತಾಳೆ, ಕರಾರು ಮಾತ್ರ ಗಂಡನ ಹೆಸರಿನಲ್ಲಿದೆ. ನಾನು ನಡುವೆ ಬಂದರೆ ನನ್ನ ಮೇಲೆ ಕೇಸಾಗುವುದೇ? – ಮನೆ ಮಾಲೀಕರು, ಉಪ್ಪಳ

ಉತ್ತರ: ಕೇಸಾಗುವುದಿಲ್ಲ. ದೌರ್ಜನ್ಯ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆದರೂ ಈ ಕಾಯ್ದೆಗಾಗಿ ಸರಕಾರ ನೇಮಿಸಿದ ರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು, ಒಳ್ಳೆಯ ಉದ್ದೇಶದಿಂದ ಕೊಟ್ಟ ಮಾಹಿತಿಗಾಗಿ ಅವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬಾರದು ಎಂದು ಕಾಯ್ದೆಯ 4ನೇ ಸೆಕ್ಷನ್ ಭರವಸೆ ಕೊಡುತ್ತದೆ. ಆದರೆ ಮಾಹಿತಿ ಕೊಡುವ ಮೊದಲು, ಗಂಡ ಇಲ್ಲದ ಹೊತ್ತಿನಲ್ಲಿ, ಮನೆಯ ಹೆಂಗಸರ ಮೂಲಕ ಅವಳನ್ನೊಮ್ಮೆ ಕೇಳುವುದು ಉಚಿತ. ಅಧಿಕಾರಿ ಹಠಾತ್ತನೆ ಬಾಗಿಲಿಗೆ ಬಂದರೆ ‘ನೀನೇ ಕರೆಸಿದ್ದು’ ಎಂಬ ಆರೋಪ ಅವಳ ಮೇಲೆ ಬೀಳುತ್ತದೆ. ಕೂಗು ಕೇಳಿ ಜೀವಕ್ಕೆ ಅಪಾಯವೆನಿಸಿದ ರಾತ್ರಿ ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ. 112ಕ್ಕೆ ಕರೆ ಮಾಡಿ.

ಇಬ್ಬರನ್ನೂ ಖಾಲಿ ಮಾಡಿಸುವುದು ಸುಲಭದ ದಾರಿಯಂತೆ ಕಾಣುತ್ತದೆ. ಅದರಿಂದ ಸದ್ದು ನಿಲ್ಲುತ್ತದೆ, ನಿಮ್ಮ ಕಟ್ಟಡದಲ್ಲಿ ಮಾತ್ರ. ಮುಂದಿನ ಮನೆಯನ್ನು ಅವನು ಇನ್ನೂ ಒಳಗಿನ ಊರಿನಲ್ಲಿ, ಇನ್ನೂ ಒಂಟಿಯಾಗಿ ಹುಡುಕುತ್ತಾನೆ. ಈಗ ಅವಳ ಅಳು ಕೇಳಿ ಪತ್ರ ಬರೆಯುವ ಮಾಲೀಕರೊಬ್ಬರಾದರೂ ಇದ್ದಾರೆ. ಬಾಡಿಗೆ ಮನೆಯೂ ಕಾಯ್ದೆಯ ಒಳಗೆ ಬರುತ್ತದೆ, ಕರಾರು ಗಂಡನೊಬ್ಬನ ಹೆಸರಿನಲ್ಲಿದ್ದರೂ ಸರಿ. ಅವನನ್ನು ಹೊರಗೆ ಹಾಕುವ ಅಧಿಕಾರ ನಿಮಗಿಲ್ಲ, ಮ್ಯಾಜಿಸ್ಟ್ರೇಟರಿಗಿದೆ. ಹೆಂಡತಿ ಮಕ್ಕಳು ಉಳಿದ ಮನೆಯ ಬಾಡಿಗೆಯನ್ನು ಅವನೇ ಕಟ್ಟಬೇಕೆಂದು ಹೇಳುವ ಅಧಿಕಾರವೂ 19ನೇ ಸೆಕ್ಷನ್‌ನಲ್ಲಿಯೇ ಇದೆ.

ಮಾಲೀಕರಾಗಿ ನಿಮ್ಮ ಕೈಯಲ್ಲಿರುವುದು ಸಣ್ಣ ಕೆಲಸಗಳು, ಆದರೆ ನ್ಯಾಯಾಲಯದಲ್ಲಿ ಅವು ದೊಡ್ಡದಾಗುತ್ತವೆ. ಅವಳು ಕೊಡುವ ಹಣಕ್ಕೆ ಅವಳ ಹೆಸರಿನಲ್ಲಿಯೇ ರಶೀದಿ ಬರೆಯಿರಿ. ಈಗ ಅವಳ ಅರ್ಧ ಬಾಡಿಗೆಗೆ ಬೀಡಿಯ ಪಾಸುಪುಸ್ತಕದಲ್ಲಿನ ಮಜೂರಿಯ ಲೆಕ್ಕವನ್ನು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ, ಮತ್ತು ಆ ಪುಸ್ತಕ ಯಾರ ಕೈಗೆ ಸಿಕ್ಕಿ ಯಾವ ಒಲೆಗೆ ಹೋಗುವುದೋ ಹೇಳಲಾಗದು. ಕರಾರು ಹೊಸದು ಮಾಡುವ ಸಮಯ ಬಂದಾಗ ಇಬ್ಬರ ಹೆಸರನ್ನೂ ಸೇರಿಸಿ. ಎಲ್ಲ ಬಾಡಿಗೆದಾರರಿಗೂ ಅದೇ ಕ್ರಮವೆಂದರೆ ಅವನಿಗೆ ಅನುಮಾನ ಬಾರದು. ಅವನನ್ನು ಹೊರಗಿರಿಸುವ ಆದೇಶ ಬಂದರೆ ಅಂದೇ ಬೀಗ ಬದಲಿಸಿ, ಹಳೆಯ ಕೀಲಿಕೈ ಎಷ್ಟಿದ್ದವೆಂದು ವಿಚಾರಿಸಬೇಡಿ. ಮೆಟ್ಟಿಲಿಗೆ ಒಂದು ದೀಪ ಹಾಕಿಸಿ, ಬಾಗಿಲಿಗೆ ಒಳಗಿನಿಂದ ಗಟ್ಟಿ ಅಗುಳಿ ಇಡಿಸಿ. ಬ್ರಿಟನ್ನಿನಲ್ಲಿ ಸಂತ್ರಸ್ತೆ ತನ್ನ ಮನೆಯಲ್ಲಿಯೇ ಉಳಿಯಲಿ ಎಂದು ಬಾಗಿಲು, ಬೀಗ, ಕಿಟಕಿಗಳನ್ನು ಭದ್ರಪಡಿಸುವ ಏರ್ಪಾಡನ್ನು ಹಲವು ಸ್ಥಳೀಯ ಆಡಳಿತಗಳು ತಮ್ಮ ಖರ್ಚಿನಲ್ಲಿ ನಡೆಸುತ್ತವೆ. ನಮ್ಮಲ್ಲಿ ಅದು ಮಾಲೀಕರ ಮನಸ್ಸಿನ ಮೇಲೆ ನಿಂತಿದೆ.

ಪ್ರಶ್ನೆ: ನಮ್ಮ ಕುಟುಂಬಶ್ರೀ ಅಯಲ್ಕೂಟದ (ಕೇರಳದ ಮಹಿಳಾ ಸ್ವಸಹಾಯ ಯೋಜನೆಯ ನೆರೆಕರೆ ಗುಂಪಿನ) ಒಬ್ಬ ಸದಸ್ಯೆಗೆ ಗಂಡನಿಂದ ಕಷ್ಟವಿದೆ. ನಾವು ಏನಾದರೂ ಮಾಡಬೇಕೆಂದು ಎಲ್ಲರಿಗೂ ಇದೆ. ಒಂದು ರಾತ್ರಿ ಅವಳು ಹೊರಟು ಬಂದರೆ ಎಲ್ಲಿ ಇಡುವುದು? ನಮ್ಮ ಮನೆಯಲ್ಲಿ ಇಟ್ಟುಕೊಂಡರೆ ನಮ್ಮ ಗಂಡಸರು ಒಪ್ಪುವುದಿಲ್ಲ. – ಕಾರ್ಯದರ್ಶಿ, ಮುಳ್ಳೇರಿಯ ಸಮೀಪ

ಉತ್ತರ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹಿಂಸೆ ಅನುಭವಿಸಿದ ಹೆಂಗಸರಲ್ಲಿ ನೂರಕ್ಕೆ 77 ಮಂದಿ ಯಾರಿಂದಲೂ ನೆರವು ಕೇಳಿರಲಿಲ್ಲ, ಯಾರಿಗೂ ಹೇಳಿಕೊಂಡೂ ಇರಲಿಲ್ಲ. ನಿಮ್ಮ ಸದಸ್ಯೆ ನಿಮಗೆ ಹೇಳಿದ್ದಾಳೆ ಎಂದರೆ ಅರ್ಧ ಬಾಗಿಲು ತೆರೆದಿದೆ. ಅದನ್ನು ವಾರದ ಸಭೆಯಲ್ಲಿ ಚರ್ಚಿಸಿ ಮುಚ್ಚಿಬಿಡಬೇಡಿ. ಇಪ್ಪತ್ತು ಮನೆಗಳ ಕೂಟದಲ್ಲಿ ಒಂದು ಮಾತು ಸಂಜೆಯೊಳಗೆ ಗಂಡನ ಕಿವಿಗೆ ಬೀಳದೆ ಇರದು. ಇಬ್ಬರೋ ಮೂವರೋ ಮಾತ್ರ ತಿಳಿದುಕೊಳ್ಳಿ, ಸಭೆಯ ನಡಾವಳಿ ಪುಸ್ತಕದಲ್ಲಿ ಒಂದಕ್ಷರವೂ ಬೇಡ.

ಮೊದಲ ರಾತ್ರಿಯ ಮಟ್ಟಿಗೆ ನಿಮ್ಮದೇ ಸಂಸ್ಥೆಯ ‘ಸ್ನೇಹಿತಾ’ ಇದೆ. ಕುಟುಂಬಶ್ರೀ ನಡೆಸುವ ಈ ಸಹಾಯಕೇಂದ್ರ ಕೇರಳದ ಎಲ್ಲ ಜಿಲ್ಲೆಗಳಲ್ಲೂ ಹಗಲು ರಾತ್ರಿ ಕೆಲಸ ಮಾಡುತ್ತದೆ, ತಾತ್ಕಾಲಿಕ ವಸತಿಯನ್ನೂ ಆಪ್ತ ಸಮಾಲೋಚನೆಯನ್ನೂ ಕೊಡುತ್ತದೆ. ಕೇಂದ್ರ ಸರಕಾರದ ‘ಸಖಿ’ ಒನ್ ಸ್ಟಾಪ್ ಸೆಂಟರಿನಲ್ಲಿ ಐದು ದಿನಗಳವರೆಗೆ ಇರಬಹುದು. ವೈದ್ಯಕೀಯ, ಪೊಲೀಸ್ ಮತ್ತು ವಕೀಲರ ನೆರವು ಅಲ್ಲಿಂದಲೇ ಸಿಗುತ್ತದೆ. ಇನ್ನೂ ಹೆಚ್ಚು ಕಾಲಕ್ಕೆ, ಹಿಂದೆ ‘ಸ್ವಧಾರ್ ಗೃಹ’ ಎಂದಿದ್ದ, ಈಗ ‘ಶಕ್ತಿ ಸದನ’ ಎನ್ನುವ ಆಶ್ರಯಮನೆಗಳಿವೆ. 181ಕ್ಕೆ ಕರೆ ಮಾಡಿದರೆ ಎಲ್ಲಿ ಜಾಗವಿದೆ ಎಂದು ತಿಳಿಯುತ್ತದೆ. ಮೊದಲೇ ದೂರು ದಾಖಲಿಸಿಲ್ಲವೆಂದು ಆಶ್ರಯಮನೆಯವರು ಅವಳನ್ನು ತಿರುಗಿಸಿ ಕಳಿಸುವಂತಿಲ್ಲ, ಅವಳು ಬೇಡವೆಂದರೆ ಅವಳು ಅಲ್ಲಿರುವ ಸಂಗತಿಯನ್ನು ಗಂಡನಿಗೆ ತಿಳಿಸುವಂತಿಲ್ಲ. ಇವೆರಡೂ 2006ರ ನಿಯಮಗಳಲ್ಲಿವೆ. ಗಂಡುಮಗ ಬೆಳೆದವನಾಗಿದ್ದರೆ ಜೊತೆಗೆ ಇರಿಸಿಕೊಳ್ಳಲು ವಯಸ್ಸಿನ ಮಿತಿ ಇರುತ್ತದೆ, ಅದನ್ನು ಮೊದಲೇ ಕೇಳಿಕೊಳ್ಳಿ. ಎಷ್ಟೋ ತಾಯಂದಿರು ಹೊರಟವರು ಬಾಗಿಲಿನಿಂದ ಮರಳುವುದು ಈ ಒಂದು ಕಾರಣಕ್ಕೆ.

ಆದರೆ ಐದು ದಿನ ಕಳೆದ ಮೇಲೆ ಏನು? ನೆರವು ಮಾಡುವವರು ಸಾಮಾನ್ಯವಾಗಿ ಇಲ್ಲಿ ಸೋಲುತ್ತಾರೆ. ರಕ್ಷಿಸಿ ಕರೆತಂದೆವೆಂಬ ಸಮಾಧಾನದಲ್ಲಿ ಎಲ್ಲರೂ ಮನೆಗೆ ಹೋಗುತ್ತಾರೆ, ಆರನೆಯ ದಿನ ಅವಳು ಮಕ್ಕಳ ಕೈ ಹಿಡಿದು ಅದೇ ಬಸ್ಸು ಹತ್ತುತ್ತಾಳೆ. ಬಾಡಿಗೆ ಮನೆಗೆ ಮುಂಗಡ ಬೇಕು, ಗ್ಯಾಸ್ ಬೇಕು, ಮಲಗಲು ಚಾಪೆ ಬೇಕು, ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ ಸಣ್ಣ ಮಗುವನ್ನು ನೋಡುವವರು ಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮಹಿಳಾ ಸಂಘಟನೆಗಳು ಇದನ್ನು ನೇರವಾಗಿ ಎದುರಿಸಿದವು. ಸಂತ್ರಸ್ತೆಯನ್ನು ಕಚೇರಿಗೆ ಬರಹೇಳುವ ಬದಲು ಕಾರ್ಯಕರ್ತೆಯೇ ಅವಳಿದ್ದಲ್ಲಿಗೆ ಹೋಗುವುದು, ಮತ್ತು ಬಾಡಿಗೆಯ ಮುಂಗಡವಾಗಲಿ ಹಳೆಯ ಸಾಲವಾಗಲಿ ವಾಹನದ ರಿಪೇರಿಯಾಗಲಿ ಅವಳಿಗೆ ಯಾವುದು ತಡೆಯಾಗಿದೆಯೋ ಅದಕ್ಕೇ ಹಣ ಕೊಡುವುದು ಅವರ ಕ್ರಮ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು 400ಕ್ಕೂ ಹೆಚ್ಚು ಸಂತ್ರಸ್ತೆಯರನ್ನು ಎರಡು ವರ್ಷ ಹಿಂಬಾಲಿಸಿ ನೋಡಿದಾಗ, ಮಾಮೂಲಿ ಸೇವೆ ಪಡೆದವರಿಗಿಂತ ಈ ನೆರವು ಪಡೆದವರ ವಸತಿ ಹೆಚ್ಚು ಸ್ಥಿರವಾಗಿತ್ತು.

ನಿಮ್ಮ ಅಯಲ್ಕೂಟಕ್ಕೆ ಇದು ಹೊಸ ವಿದ್ಯೆಯಲ್ಲ. ಉಳಿತಾಯ ಮತ್ತು ಆಂತರಿಕ ಸಾಲ ನಿಮಗೆ ಗೊತ್ತಿರುವ ಕೆಲಸ. ಅವಳ ಪಾಸುಪುಸ್ತಕ ಕಾರ್ಯದರ್ಶಿಯ ಬಳಿ ಇರಲಿ, ಬ್ಯಾಂಕಿನ ಸಂದೇಶ ಗಂಡನ ಫೋನಿಗೆ ಹೋಗುತ್ತಿದ್ದರೆ ಹೊಸ ಸಂಖ್ಯೆ ಕೊಡಿಸಿ, ಮುಂಗಡಕ್ಕೆ ಬೇಕಾದ ಮೊತ್ತ ಎಷ್ಟೆಂದು ಈಗಲೇ ಲೆಕ್ಕ ಹಾಕಿ ಕೂಟದಿಂದ ಸಾಲ ಮಂಜೂರು ಮಾಡಿಡಿ. ಮಕ್ಕಳ ಶಾಲೆ ಬದಲಿಸಬೇಕಾದರೆ ಟಿ.ಸಿ. ತಡವಾಯಿತೆಂದು ಸರಕಾರಿ ಅಥವಾ ಅನುದಾನಿತ ಶಾಲೆಯವರು ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಅದನ್ನು ತಡೆಯುತ್ತದೆ. ಯಾವಾಗ ಹೊರಡಬೇಕು, ಹೊರಡಲೇಬೇಕೇ ಎಂಬುದನ್ನು ಮಾತ್ರ ಅವಳಿಗೇ ಬಿಡಿ. ಅವನ ಸಿಟ್ಟು ಯಾವ ಹೊತ್ತಿಗೆ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಅವಳಷ್ಟು ತಿಳಿದವರು ನಿಮ್ಮಲ್ಲಿ ಯಾರೂ ಇಲ್ಲ. ಒಮ್ಮೆ ಬಂದವಳು ಮರಳಿ ಹೋದರೂ ‘ಇನ್ನು ನಮ್ಮನ್ನು ಕೇಳಬೇಡ’ ಎಂದು ಬೇಸರದಿಂದ ಹೇಳಬೇಡಿ. ನಿಮ್ಮ ಗಂಡಸರು ಒಪ್ಪದಿದ್ದರೆ ಅವಳನ್ನು ನಿಮ್ಮಲ್ಲಿ ಇಟ್ಟುಕೊಳ್ಳಬೇಕೆಂದೇನೂ ಇಲ್ಲ. ಗಂಡನಿಗೆ ಮೊದಲು ನೆನಪಾಗುವುದೇ ಗೆಳತಿಯ ಮನೆ.

ಪ್ರಶ್ನೆ: ನನಗೆ ಮಲಯಾಳ ಓದಲು ಬರುವುದಿಲ್ಲ. ಕಚೇರಿಯಲ್ಲಿ ಕೊಡುವ ಫಾರಂ ಮಲಯಾಳದಲ್ಲಿದೆ. ಕನ್ನಡದಲ್ಲಿ ಅರ್ಜಿ ಬರೆದರೆ ತೆಗೆದುಕೊಳ್ಳುತ್ತಾರೆಯೇ? – ಓದುಗಳು, ಪೈವಳಿಕೆ

ಉತ್ತರ: ತೆಗೆದುಕೊಳ್ಳಲೇಬೇಕು. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ, ಮತ್ತು ಕಾಸರಗೋಡು ಕನ್ನಡ ಭಾಷಾ ಅಲ್ಪಸಂಖ್ಯಾತರ ಪ್ರದೇಶ. ನೀವು ಹೇಳಿದ್ದನ್ನು ಬೇರೆಯವರು ಮಲಯಾಳದಲ್ಲಿ ಬರೆದಾಗ ಅದನ್ನು ಓದಿಸಿ, ಕನ್ನಡದಲ್ಲಿ ವಿವರಿಸಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿ. ‘ಹೊಡೆದು ಹೊರಗೆ ದಬ್ಬಿದರು’ ಎಂದದ್ದು ‘ಮನಸ್ತಾಪದಿಂದ ಮನೆ ಬಿಟ್ಟು ಬಂದೆ’ ಎಂದು ಬರೆದಿದ್ದರೆ ವಾಸದ ಹಕ್ಕಿನ ಪ್ರಕರಣ ಅಲ್ಲಿಯೇ ಕುಸಿಯುತ್ತದೆ. ದುಭಾಷಿಯಾಗಿ ಗಂಡನ ಕಡೆಯವರನ್ನಾಗಲಿ ಮಕ್ಕಳನ್ನಾಗಲಿ ಕೂರಿಸಬೇಡಿ.

ಪ್ರಶ್ನೆ: ಮಗಳು ಗಂಡನ ಹಿಂಸೆ ತಾಳಲಾರದೆ ಮರಳಿ ಬಂದಿದ್ದಾಳೆ. ಆಸ್ತಿ ಪಾಲು ಮಾಡಬೇಕೆಂದಿದ್ದೇನೆ. ಮಗ ‘ಅವಳಿಗೆ ಚಿನ್ನ ಕೊಟ್ಟಾಗಿದೆ, ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಲಿ, ಇರುವಷ್ಟು ದಿನ ನಾನು ನೋಡಿಕೊಳ್ಳುತ್ತೇನೆ’ ಎನ್ನುತ್ತಾನೆ. ಮಗ ಕೆಟ್ಟವನಲ್ಲ. ಏನು ಮಾಡಲಿ? – ನಿವೃತ್ತ ಅಧ್ಯಾಪಕರು, ನೀರ್ಚಾಲು

ಉತ್ತರ: ಮೇಷ್ಟ್ರೇ, ಮಗ ಕೆಟ್ಟವರಲ್ಲವೆಂಬುದನ್ನು ನಂಬುತ್ತೇವೆ. ಆದರೂ ಮಗಳಿಂದ ಆ ಸಹಿ ಹಾಕಿಸಬೇಡಿ.

ಇದಕ್ಕೆ ಕಾರಣ ಕೇರಳದಲ್ಲಿಯೇ ನಡೆದ ಒಂದು ಅಧ್ಯಯನದಲ್ಲಿದೆ. ಪ್ರದೀಪ್ ಪಂಡಾ ಮತ್ತು ಬೀನಾ ಅಗರ್‌ವಾಲ್ ಎಂಬ ಅರ್ಥಶಾಸ್ತ್ರಜ್ಞರು ತಿರುವನಂತಪುರ ಜಿಲ್ಲೆಯ 502 ಹೆಂಗಸರನ್ನು ಮಾತನಾಡಿಸಿ 2005ರಲ್ಲಿ ಅದನ್ನು ಪ್ರಕಟಿಸಿದರು. ಸ್ವಂತ ಹೆಸರಿನಲ್ಲಿ ಮನೆಯೂ ಜಾಗವೂ ಇಲ್ಲದವರಲ್ಲಿ ನೂರಕ್ಕೆ 49 ಮಂದಿ ಗಂಡನ ದೈಹಿಕ ಹಿಂಸೆಗೆ ಗುರಿಯಾಗಿದ್ದರು. ಜಾಗ ಮಾತ್ರ ಇದ್ದವರಲ್ಲಿ ಅದು 18ಕ್ಕೆ, ಮನೆ ಮಾತ್ರ ಇದ್ದವರಲ್ಲಿ 10ಕ್ಕೆ, ಎರಡೂ ಇದ್ದವರಲ್ಲಿ 7ಕ್ಕೆ ಇಳಿದಿತ್ತು. ಓದು, ಉದ್ಯೋಗ, ಗಂಡನ ಕುಡಿತ ಮುಂತಾದವನ್ನು ಲೆಕ್ಕಕ್ಕೆ ತಂದುಕೊಂಡರೂ ಆಸ್ತಿಯ ಪ್ರಭಾವ ಅಳಿಯಲಿಲ್ಲ. ಮನೆ ಬಿಟ್ಟು ಹೋದವರಲ್ಲಿಯೂ ಆಸ್ತಿ ಇದ್ದವರು ಮರಳಿದ್ದು ಕಡಿಮೆ. ಎದ್ದು ಹೋಗಲು ತನ್ನದೊಂದು ಜಾಗವಿದೆ ಎಂಬುದು ಅವಳಿಗೆ ಗೊತ್ತಿರುತ್ತದೆ, ಅವನಿಗೂ ಗೊತ್ತಿರುತ್ತದೆ. ಇದು ನಮ್ಮ ವಿವರಣೆ.

ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿದ್ದ ತುಳುನಾಡಿನ ಅಳಿಯಸಂತಾನದ ಮನೆತನಗಳಲ್ಲಿ ಮಗಳು ಹುಟ್ಟಿದ ಮನೆಗೆ ಅತಿಥಿಯಾಗಿ ಬರುತ್ತಿರಲಿಲ್ಲ, ಅದು ಅವಳ ಮತ್ತು ಅವಳ ಮಕ್ಕಳ ಮನೆಯಾಗಿಯೇ ಉಳಿಯುತ್ತಿತ್ತು. ಆ ಕಟ್ಟಿನಲ್ಲಿ ಯಜಮಾನಿಕೆ ಸೋದರಮಾವನದ್ದೇ ಆಗಿದ್ದರಿಂದ ಅದನ್ನು ಹೊಗಳಿ ಹಾಡುವ ಅಗತ್ಯವಿಲ್ಲ. ಆದರೆ ಗಂಡನೊಡನೆ ಕೆಟ್ಟರೆ ಬೀದಿಯೇ ಗತಿ ಎಂಬ ಹೆದರಿಕೆ ಅದರಲ್ಲಿ ಕಡಿಮೆ ಇತ್ತು. ಈಗಿನ ‘ಇರುವಷ್ಟು ದಿನ ನೋಡಿಕೊಳ್ಳುತ್ತೇನೆ’ ಎಂಬ ಮಾತು ಮಗನ ಒಳ್ಳೆಯತನದ ಮೇಲೆ ನಿಂತಿದೆ, ಮತ್ತು ಆ ಒಳ್ಳೆಯತನ ಸೊಸೆಯ, ಅವಳ ಮಕ್ಕಳ, ಬ್ಯಾಂಕ್ ಸಾಲದ ಒತ್ತಡವನ್ನೂ ತಾಳಿಕೊಳ್ಳಬೇಕಾಗುತ್ತದೆ.

ಹತ್ತು ಸೆಂಟ್ಸ್ ಜಾಗವನ್ನಾದರೂ ಮಗಳ ಹೆಸರಿಗೆ ನೋಂದಾಯಿಸಿ ಕೊಡಿ. ರಸ್ತೆಗೆ ದಾರಿ, ನೀರಿನ ಹಕ್ಕು ಎರಡನ್ನೂ ನೋಂದಣಿ ಪತ್ರದಲ್ಲಿಯೇ ಬರೆಯಿಸಿ. ದಾರಿ ಬರೆಯದೆ ಕೊಟ್ಟ ಜಾಗ ಮುಂದೊಂದು ದಿನ ಬೇಲಿಯೊಳಗೆ ಸಿಕ್ಕಿಕೊಳ್ಳುತ್ತದೆ. ಪತ್ರವಾದ ಮೇಲೆ ಭೂತೆರಿಗೆ ಅವಳ ಹೆಸರಿನಲ್ಲಿಯೇ ಕಟ್ಟುವಂತೆ ಗ್ರಾಮಕಚೇರಿಯಲ್ಲಿ ಬದಲಾಯಿಸಿ. ಚಿನ್ನದ ಮಾತಿಗೆ ಉತ್ತರ ಇಷ್ಟೇ: ಅದು ಈಗ ಅವಳ ಬಳಿ ಇದೆಯೇ ಎಂದು ಮಗನನ್ನು ಕೇಳಿ ನೋಡಿ.

ಪ್ರಶ್ನೆ: ನನಗೆ ಕೇಸು ಬೇಡ, ಅವರು ಜೈಲಿಗೆ ಹೋಗುವುದೂ ಬೇಡ. ಮನೆ ಬಿಡಲೂ ಇಷ್ಟವಿಲ್ಲ, ಈ ಮನೆಗೆ ನನ್ನ ಒಡವೆ ಮಾರಿದ ಹಣ ಹೋಗಿದೆ. ಹೊಡೆಯುವುದು ನಿಂತರೆ ಸಾಕು. ಇದಕ್ಕೆ ದಾರಿ ಇದೆಯೇ? – ಹೆಸರಿಲ್ಲ, ಕುಂಬಳೆ

ಉತ್ತರ: ಇದೆ, ಮತ್ತು ಹೀಗೆ ಕೇಳುವ ಹಕ್ಕು ನಿಮಗಿದೆ. 2005ರ ಕಾಯ್ದೆಯಲ್ಲಿ ಮೊದಲು ಬರುವುದು ಆದೇಶ. ಶಿಕ್ಷೆಯ ಮಾತು ಆ ಆದೇಶವನ್ನು ಮುರಿದಾಗ. ಹೊಡೆಯಬಾರದು, ಕುಡಿದು ಒಳಗೆ ಬರಬಾರದು, ನೀವೂ ಮಕ್ಕಳೂ ಇರುವ ಕೋಣೆಗೆ ಕಾಲಿಡಬಾರದು, ಮನೆಯನ್ನು ಮಾರಬಾರದು ಎಂದು ಆದೇಶ ಕೇಳುತ್ತಾ ಅದೇ ಮನೆಯಲ್ಲಿ ಉಳಿಯಬಹುದು. ರಕ್ಷಣಾಧಿಕಾರಿಯ ಬಳಿ ಹೋಗುವುದಾದರೆ ಒಂದು ವಿಷಯ ತಿಳಿದಿರಲಿ: ಅವರು ಬರೆದುಕೊಳ್ಳುವ ಘಟನಾ ವರದಿ ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ, ಅದರ ಪ್ರತಿ ಠಾಣೆಗೂ ಹೋಗುತ್ತದೆ. ಅದಕ್ಕೆ ಮನಸ್ಸು ಸಿದ್ಧವಾಗಿಲ್ಲದಿದ್ದರೆ ಮೊದಲು ಸ್ನೇಹಿತಾದಲ್ಲಿಯೋ ಕಾನೂನು ನೆರವಿನ ವಕೀಲರ ಬಳಿಯೋ ಮಾತನಾಡಿ. ಒಡವೆ ಮಾರಿದ ಅಂಗಡಿಯ ಚೀಟಿ, ಮನೆ ಕಟ್ಟುವಾಗ ನೀವು ಹಣ ಕೊಟ್ಟ ಬ್ಯಾಂಕಿನ ದಾಖಲೆ ಇದ್ದರೆ ಅವುಗಳ ಪ್ರತಿಯನ್ನು ಮನೆಯಿಂದ ಹೊರಗೆ, ನಂಬಿಕೆಯವರ ಬಳಿ ಇಡಿ. ಪೆಟ್ಟಾಗಿ ಆಸ್ಪತ್ರೆಗೆ ಹೋದರೆ ‘ಬಚ್ಚಲಲ್ಲಿ ಜಾರಿದೆ’ ಎನ್ನದೆ ಇದ್ದದ್ದನ್ನು ಹೇಳಿ, ಓ.ಪಿ. ಚೀಟಿಯಲ್ಲಿ ಅದನ್ನೇ ಬರೆಯಿಸಿ.

ಒಳಗೆ ಉಳಿಯುವವರ ಎಚ್ಚರಿಕೆ ಬೇರೆ. ಜಗಳ ಏರುತ್ತಿದೆ ಎನಿಸಿದಾಗ ಅಡುಗೆಮನೆಯಲ್ಲಿ ನಿಲ್ಲಬೇಡಿ, ಅಲ್ಲಿ ಮೆಟ್ಟುಕತ್ತಿಯಿಂದ ಹಿಡಿದು ಬಿಸಿ ಎಣ್ಣೆಯವರೆಗೆ ಎಲ್ಲವೂ ಕೈಗೆ ಸಿಗುತ್ತದೆ. ಹೊರಗೆ ಬಾಗಿಲಿರುವ ಕೋಣೆಯ ಕಡೆ ಸರಿಯಿರಿ. ನೆರೆಯವರೊಬ್ಬರಿಗೆ ಒಂದು ಗುರುತು ಹೇಳಿಡಿ. ಹಿತ್ತಿಲ ದೀಪ ಹತ್ತಿದರೆ ಪೊಲೀಸರನ್ನು ಕರೆಯಬೇಕೆಂದು. ಮಕ್ಕಳಿಗೆ ನಡುವೆ ಬರಬೇಡಿ, ನೆರೆಮನೆಗೆ ಓಡಿ ಎಂದು ಕಲಿಸಿ. ಗಂಡ ಎಂದಾದರೂ ಕುತ್ತಿಗೆ ಅದುಮಿದ್ದರೆ, ಕತ್ತಿ ತೋರಿಸಿದ್ದರೆ, ‘ಕೊಂದು ನಾನೂ ಸಾಯುತ್ತೇನೆ’ ಎಂದಿದ್ದರೆ, ಈ ಮೇಲಿನ ಸಲಹೆ ನಿಮಗೆ ಸಲ್ಲದು. ಆಗ ಮನೆಯ ಮೇಲಿನ ಹಕ್ಕನ್ನು ಹೊರಗಿನಿಂದಲೇ ಕೇಳೋಣ. ಹೊರಟು ಬಂದ ಮಾತ್ರಕ್ಕೆ ಅದು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. 181ಕ್ಕೆ ಕರೆ ಮಾಡುವುದಾದರೆ ನಿಮ್ಮ ಫೋನಿನಿಂದ ಬೇಡ, ಅಂಗನವಾಡಿ ಟೀಚರರ ಅಥವಾ ಆಶಾ ಕಾರ್ಯಕರ್ತೆಯ ಫೋನಿನಿಂದ ಮಾಡಿ, ಮತ್ತು ಮರಳಿ ಕರೆಯಬೇಕಾದರೆ ಹಗಲು ಯಾವ ಹೊತ್ತಿನಲ್ಲಿ, ಯಾವ ಸಂಖ್ಯೆಗೆ ಎಂಬುದನ್ನು ಮೊದಲ ಮಾತಿನಲ್ಲಿಯೇ ಹೇಳಿಬಿಡಿ.